ಪ್ರ: ಕಂಪ್ಯೂಟರ್ ಇಲ್ಲದೆ ಮೂರನೇ ಕ್ಲಾಸಿಗೆ ಎಐ ಹೇಗೆ ಕಲಿಸೋದು?

ಮೇಡಂ, ಕಂಪ್ಯೂಟರ್ ಇಲ್ಲ ಅಂತ ಚಿಂತೆ ಮಾಡಬೇಡಿ, ಎಲೆ ಸಾಕು. ಒಂದು ಮಗುವನ್ನು ‘ಯಂತ್ರ’ ಅಂತ ಕೂರಿಸಿ. ಉಳಿದವರು ಹತ್ತು ಮಾವಿನೆಲೆ ತೋರಿಸಿ ‘ಟಿಪ್’ ಅನ್ನಲಿ, ಹತ್ತು ಹಲಸಿನೆಲೆ ತೋರಿಸಿ ‘ಟಪ್’ ಅನ್ನಲಿ. ಮಾವು, ಹಲಸು ಅನ್ನೋ ಹೆಸರು ಯಾರೂ ಎತ್ತಬಾರದು. ಎಲ್ಲವೂ ಬಲಿತ ಹಸಿರೆಲೆಗಳೇ ಇರಲಿ. ಆಮೇಲೆ ಮಾವಿನ ಕೆಂಪು ಚಿಗುರನ್ನು ಕೈಗೆ ಕೊಡಿ. ಮೆತ್ತಗೆ, ಜೋತುಬಿದ್ದ ಎಲೆ. ಟಿಪ್ಪೋ ಟಪ್ಪೋ? ಯಂತ್ರ ತಡವರಿಸುತ್ತದೆ. ‘ನಾವು ಚಿಗುರು ತೋರಿಸಲೇ ಇಲ್ಲ ಅಲ್ವಾ?’ ಅನ್ನೋದು ಮಕ್ಕಳ ಬಾಯಿಂದಲೇ ಬರಲಿ, ನೀವು ಅವಸರ ಮಾಡಬೇಡಿ. ತೋರಿಸಿದ್ದರಿಂದಷ್ಟೇ ಯಂತ್ರ ಕಲಿಯುತ್ತದೆ ಅನ್ನೋದು ಆಗ ತಾನಾಗಿ ಹೊಳೆಯುತ್ತದೆ.

ಎಂದಾದರೂ ಒಂದು ಲ್ಯಾಪ್‌ಟಾಪ್, ಇಂಟರ್ನೆಟ್ ಸಿಕ್ಕರೆ ಗೂಗಲ್‌ನ ಟೀಚಬಲ್ ಮೆಷೀನ್ ಅನ್ನೋ ವೆಬ್‌ಸೈಟಿಗೆ ಇದೇ ಎಲೆಗಳನ್ನು ಕ್ಯಾಮೆರಾದಲ್ಲಿ ತೋರಿಸಿ. ಕೋಡಿಂಗ್ ಬೇಡ. ಮಕ್ಕಳ ಮುಖ ಮಾತ್ರ ದಯವಿಟ್ಟು ತೋರಿಸಬೇಡಿ.