ಪ್ರೀಮಿಯರ್ ಪದ್ಮಿನಿ ಕಾರಿನ ಹಿಂದಿನ ಚಕ್ರದಲ್ಲಿ ಆಯಿಲ್ ಲೀಕ್. ಚಿಕ್ಕಮಗಳೂರಿನಲ್ಲಿ ಸೀಲ್ ಬದಲಿಸಿದರೂ ನಿಲ್ಲುತ್ತಿಲ್ಲ, ಬೇರಿಂಗೂ ಬದಲಿಸಬೇಕಾ?

ಸವೆದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿಬಿಡಿ. ಬೇರಿಂಗ್ ಸವೆದರೆ ಆಕ್ಸಲ್ ಅಲುಗುತ್ತದೆ, ಹೊಸ ಸೀಲ್ ಕೂಡ ಬೇಗ ಹಾಳಾಗುತ್ತದೆ. ಆದರೆ ಬ್ರೇಕ್ ಡ್ರಮ್ ಬಿಚ್ಚಿದ ಕೂಡಲೇ ಮೂಸಿ ನೋಡಿ. ಗಂಧಕದಂಥ ಗಬ್ಬು ವಾಸನೆ ಬಂದರೆ ಗೇರ್ ಆಯಿಲ್. ಇಲ್ಲದಿದ್ದರೆ ಬ್ರೇಕಿನ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸೋರುತ್ತಿರಬಹುದು, ಸುಮ್ನೆ ಆಕ್ಸಲ್ ಎಳೆಯಬೇಡಿ.

ಆಕ್ಸಲ್ ಹೊರಬಂದ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಆಡಿಸಿ. ಉಗುರಿಗೆ ಗೆರೆ ತಾಕಿದರೆ ಎಷ್ಟು ಸೀಲ್ ಹಾಕಿದರೂ ಅಷ್ಟೇ. ಸೀಲಿನ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೇ ಇರಬೇಕು.

ಬೇರಿಂಗನ್ನು ಹಿಡಿದಿಡುವ ಕಾಲರ್ ಇದೆಯಲ್ಲ, ಹಳೆಯದನ್ನು ಮತ್ತೆ ಹಾಕಲೇಬೇಡಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಅದು ಜಾರಿದರೆ ಚಕ್ರ ಆಕ್ಸಲ್ ಸಮೇತ ಹೊರಗೆ ಬರುತ್ತದೆ. ಸುತ್ತಿಗೆ ಬೇಡ. ಪ್ರೆಸ್ ಇರುವ ಲೇತ್ ಅಂಗಡಿಗೆ ಕೊಡಿ, ಬೇರಿಂಗಿನ ಒಳಗಿನ ರೇಸ್ (ಉಂಗುರ) ಮೇಲಷ್ಟೇ ಒತ್ತಲು ಹೇಳಿ.

ಜಾಸ್ತಿ ಜನ ಮರೆಯುವುದು ಬ್ರೀದರ್, ಅಂದರೆ ಆಕ್ಸಲ್ ಕವಚದ ಗಾಳಿ ಹೊರಹೋಗುವ ಸಣ್ಣ ತೂತು. ಅದಕ್ಕೆ ಎಸ್ಟೇಟ್ ರಸ್ತೆಯ ಕೆಸರು ಮೆತ್ತಿಕೊಂಡರೆ ಒಳಗೆ ಒತ್ತಡ ಏರಿ, ಒಳ್ಳೆಯ ಸೀಲಿನಿಂದಲೂ ಆಯಿಲ್ ಹೊರಬರುತ್ತದೆ. ನನಗೆ ಅನುಮಾನ ಇದರ ಮೇಲೇ. ಆಯಿಲ್ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಪ್ರಯೋಜನವಿಲ್ಲ, ಹೊಸದೇ ಬೇಕು.