ತಾಯಿಯ ತೋಳಿನ ಕಲೆ: ತನಿಖೆಯಲ್ಲಿ ಏನು ನೋಡುತ್ತಾರೆ?

ತಾಯಿಯ ತೋಳಿನಲ್ಲಿ ಪೆಟ್ಟು ಬಿದ್ದು ಕಂದಿದಂಥ ಕಲೆ ಕಂಡಿತು, ವೃದ್ಧಾಶ್ರಮದವರು "ರಾತ್ರಿ ಬಿದ್ದರು" ಎಂದಷ್ಟೇ ಹೇಳಿದರು, ದೂರು ಕೊಟ್ಟರೆ ತನಿಖೆ ಹೇಗೆ ನಡೆಯುತ್ತದೆ ಎಂದು ಕೇಳಿದ್ದೀರಿ.

ಮುಖ್ಯವಾಗಿ ನೋಡುವುದು ದಾಖಲೆಗಳನ್ನು. ಬಿದ್ದ ದಿನದ ವರದಿ, ಔಷಧಿ ಕೊಟ್ಟ ಪಟ್ಟಿ, ಆ ರಾತ್ರಿ ಪಾಳಿಯಲ್ಲಿ ಯಾರಿದ್ದರು, ತಾಯಿಯ ಆರೈಕೆ ಹೇಗಿರಬೇಕೆಂದು ಬರೆದಿಟ್ಟ ಕೇರ್ ಪ್ಲಾನ್‌ನಲ್ಲಿ ಏನಿತ್ತು. ಶೌಚಾಲಯಕ್ಕೆ ಹೋಗುವಾಗ ಒಬ್ಬರು ಜೊತೆಗಿರಬೇಕು ಎಂದು ಬರೆದಿದ್ದು, ಯಾರೂ ಇರಲಿಲ್ಲ ಅಂದರೆ ಅದು ಬರೀ ಆಕಸ್ಮಿಕ ಅಲ್ಲ, ಅಲ್ವಾ? ದಾಖಲೆಗಳಲ್ಲಿ ಇಡೀ ವಾರದ ಟಿಕ್ ಗುರುತುಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ ಬಿದ್ದಿದ್ದರೆ ಒಟ್ಟಿಗೆ ಕೂತು ತುಂಬಿದ ಅನುಮಾನ ಬರುತ್ತದೆ.

ತಾಯಿಯನ್ನು ಸಿಬ್ಬಂದಿ ಇಲ್ಲದಾಗ ಮಾತಾಡಿಸಲು ತನಿಖೆ ಮಾಡುವವರಿಗೆ ಹೇಳಿ. ಮರೆವಿನ ಕಾಯಿಲೆ ಇದ್ದರೂ ಅವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಪಕ್ಕದ ಕೋಣೆಯವರನ್ನೂ ಕೇಳಲಿ. ಎಷ್ಟೋ ಸಲ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ನೀವು ಇವತ್ತೇ ದಿನಾಂಕ ಸಮೇತ ಫೋಟೊ ತೆಗೆದಿಡಿ, ವೈದ್ಯರಿಗೂ ತೋರಿಸಿ. ಬಣ್ಣ ನೋಡಿ ಕಲೆ ಎಷ್ಟು ದಿನದ್ದು ಅಂತ ಖಚಿತವಾಗಿ ಹೇಳಲಾಗದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟಿಗೂ ದೊಡ್ಡ ಕಲೆ ಬರಬಹುದು, ತಾಯಿ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ದೂರನ್ನು ಬರೆದೇ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಈಗಲೂ ಅಪಾಯ ಇದೆ ಅನ್ನಿಸಿದರೆ ತನಿಖೆ ಮುಗಿಯುವವರೆಗೆ ಕಾಯದೆ ತಾಯಿಯನ್ನು ಕರೆದುಕೊಂಡು ಬನ್ನಿ.