ಸನ್ಯಾಸಿ ಕೂಸಾದ ಕಥೆ

"ಮಗನ ಮನೆಗೆಂದು ಮ್ಯೂನಿಕ್‌ಗೆ ಹೋಗಿದ್ದೆ. ಊರಿನ ಲಾಂಛನದಲ್ಲಿ ಸನ್ಯಾಸಿ ಇದ್ದಾನೆ. ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬದ ಮೆರವಣಿಗೆಯಲ್ಲಿ ಅದೇ ವೇಷ ಹಾಕಿದ ಹುಡುಗಿ ಬಿಯರ್ ಮಗ್ ಹಿಡಿದು ಕುದುರೆ ಮೇಲೆ ಬಂದಳು! ಮೂಲವನ್ನು ಹೀಗೆ ಕೆಡಿಸಬಹುದೇ?"
– ನಿವೃತ್ತ ಮೇಷ್ಟ್ರೊಬ್ಬರು, ಶಿವಮೊಗ್ಗ

ಮೇಷ್ಟ್ರೇ, ಮೂಲದ ವಿಷಯದಲ್ಲಿ ನೀವು ಹೇಳಿದ್ದು ಸರಿ. 1158ರ ದಾಖಲೆಯಲ್ಲಿ ಆ ಊರು 'ಮುನಿಖೆನ್', ಅಂದರೆ ಸನ್ಯಾಸಿಗಳ ಜಾಗ. (ನಮ್ಮ 'ಮುನಿ'ಗೆ ನಂಟು ಹಚ್ಚಬೇಡಿ. ಅಂಥ ಪತ್ರಗಳು ನನಗೆ ಈಗಲೇ ಜಾಸ್ತಿ. ಆ ಜರ್ಮನ್ ಪದ 'ಒಂಟಿ' ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು.) 1239ರ ಮೊಹರಿನಲ್ಲೇ ಮುಸುಕು ಹೊದ್ದ ಸನ್ಯಾಸಿ ಇದ್ದಾನೆ. ಹೆಸರನ್ನೇ ಚಿತ್ರ ಮಾಡಿದ ಇಂಥದ್ದನ್ನು ಜರ್ಮನ್ನರು 'ಮಾತಾಡುವ ಲಾಂಛನ' ಅಂತಾರೆ.

ಆದರೆ ಕೆಡಿಸಿದರು ಅನ್ನುತ್ತೀರಲ್ಲ, ಯಾರು? ಕೆತ್ತುವವರು, ಬಣ್ಣ ಹಚ್ಚುವವರು ತಲೆಮಾರಿನಿಂದ ತಲೆಮಾರಿಗೆ ಆ ಮುಖವನ್ನು ಎಳೆಯದು ಮಾಡುತ್ತಾ ಬಂದರು. ಸನ್ಯಾಸಿ ಹುಡುಗನಾದ, ಹುಡುಗ ಮಗುವಾದ. ಜನ ತಮ್ಮ ಮಾತಿನಲ್ಲಿ 'ಕಿಂಡ್ಲ್' ಎಂದು ಕರೆದರು, ಅಂದರೆ ಕೂಸು ಅಂತ. ಪುರಭವನದ 85 ಮೀಟರ್ ಗೋಪುರದ ತುದಿಯಲ್ಲಿರುವ ಕೂಸಿಗೆ ಶಿಲ್ಪಿ ಆಂಟೋನ್ ಶ್ಮಿಡ್ ತನ್ನ ಮಗನನ್ನೇ ಮಾದರಿಯಾಗಿ ನಿಲ್ಲಿಸಿಕೊಂಡನಂತೆ. ಆ ಹುಡುಗ ಮುಂದೆ ನಟನಾದ. 1938ರಲ್ಲಿ ಕೂಸಿನ ವೇಷ ಹಾಕಿದ ಎಲ್ಲಿಸ್ ಕೌಟ್ ಎಂಬ ಹುಡುಗಿ ಆಮೇಲೆ ಮಕ್ಕಳ ಕಥೆ ಬರೆದು ಮನೆಮಾತಾದಳು. ಇಷ್ಟು ಚೆಂದದ ಸಂಸಾರ ಯಾವ ಸನ್ಯಾಸಿಗಿದೆ ಹೇಳಿ!

ಇನ್ನೊಂದು ಮಾತು. ಆ ಸನ್ಯಾಸಿಯನ್ನು ನಿಜವಾಗಿ ಓಡಿಸಿದ್ದು ಸರಕಾರ. ಮಠಗಳನ್ನು ಮುಚ್ಚಿಸಿದ ಕಾಲದಲ್ಲೇ, 19ನೇ ಶತಮಾನದ ಶುರುವಿನಲ್ಲಿ, ಅವನನ್ನು ತೆಗೆದು ಸಿಂಹ ಕೂರಿಸಿದರು. 1834ರಲ್ಲಿ ರಾಜ ಮೊದಲನೇ ಲುಡ್ವಿಗ್ ವಾಪಸು ತಂದ. ಇವತ್ತಿಗೂ ಲಾಂಛನದಲ್ಲಿ ಕಪ್ಪು ನಿಲುವಂಗಿ, ಕೆಂಪು ಪುಸ್ತಕ ಹಾಗೇ ಇವೆ. ಕಚೇರಿಯ ಕಾಗದದಲ್ಲಿ ಸನ್ಯಾಸಿ, ಬೀದಿಯಲ್ಲಿ ಕೂಸು. ಇಬ್ಬರಿಗೂ ಜಗಳವಿಲ್ಲ, ನಡುವೆ ನೀವ್ಯಾಕೆ?

ನಮ್ಮ ಪತ್ರಿಕೆಯ ಹೆಸರಿನ ಪಕ್ಕ ಮೊದಲು ಇದ್ದದ್ದು ದೀಪ. ಅಚ್ಚಿನ ಬ್ಲಾಕ್ ಮಾಡುವವನ ಕೈ ಜಾರಿ ಅದು ತಾವರೆಯಂತಾಯಿತು. ಓದುಗರು ತಾವರೆ ಅಂದರು, ನಾವೂ ಸುಮ್ನಾದೆವು. ಹೋದ ವರ್ಷ ಡಿಸೈನ್ ಹುಡುಗರು ಬಂದು ನಲವತ್ತು ಪುಟದ ನಿಯಮ ಕೊಟ್ಟರು. ಈ ಬಣ್ಣ, ಇಷ್ಟೇ ಅಂತರ, ಒಂದು ಗೆರೆ ಆಚೀಚೆ ಆಗುವಂತಿಲ್ಲ. ಈಗ ಅದು ದೀಪವೂ ಅಲ್ಲ, ತಾವರೆಯೂ ಅಲ್ಲ. ಯಾರೂ ಅದರ ಬಗ್ಗೆ ಪತ್ರ ಬರೆಯುತ್ತಿಲ್ಲ.